ಒಳಕ್ಕೆ ಮಾತ್ರ ತೆರೆಯುವ ಬಾಗಿಲು

ಜನ ನನ್ನನ್ನು ಕರೆಸಿಕೊಳ್ಳುವುದು ಹಕ್ಕಿ ಬರಲಿ, ಚಿಟ್ಟೆ ಬರಲಿ ಎಂದು. ಬಂದ ಮೇಲೆ, ಅಯ್ಯೋ ಹುಳ ಬಂತು, ಕಪ್ಪೆ ಬಂತು ಎಂದು ಗೊಣಗುತ್ತಾರೆ. ಹುಳ ಬೇಡ, ಹಕ್ಕಿ ಮಾತ್ರ ಸಾಕು ಎನ್ನುವವರಿಗೆ, ಹಾಗಿದ್ದರೆ ಗೋಡೆಗೊಂದು ಹಕ್ಕಿಯ ಚಿತ್ರ ತೂಗುಹಾಕಿಕೊಳ್ಳಿ ಎಂದು ಹೇಳಿ ಎದ್ದು ಬಂದದ್ದುಂಟು. ಮನೆಯ ಹಿಂದೆ ಮುಂದೆ ಇರುವ ಅಂಗೈಯಗಲ ಜಾಗವನ್ನು ಪ್ರಾಣಿಪಕ್ಷಿಗಳಿಗೆ ಒಗ್ಗುವಂತೆ ಮಾಡಿಕೊಡುವುದು ನನ್ನ ಕಸುಬು. ಬಾಯಿ ಜೋರು, ಕೆಲಸ ಚೊಕ್ಕ ಎಂದು ನನ್ನ ಬಗ್ಗೆ ಹೇಳುತ್ತಾರೆ. ಎರಡೂ ನಿಜ.

ಈ ಕಸುಬಿನಲ್ಲಿ ಯಾರನ್ನೂ ಕೂಗಿ ಕರೆಯಬೇಕಾಗಿಲ್ಲ. ಬರುವವರ ಮೈಯಳತೆಗೆ ಸರಿಯಾಗಿ ಜಾಗ ಮಾಡಿಟ್ಟರೆ ಸಾಕು. ಒಂಟಿಯಾಗಿ ಬದುಕುವ ಜೇನುಹುಳಕ್ಕೆ ಪೆನ್ಸಿಲ್ ತೂರುವಷ್ಟು ತೂತು ಕೊರೆದ ಮರದ ತುಂಡು. ಕಪ್ಪೆಗೆ ಮಗುಚಿ ಹಾಕಿದ ಒಡಕು ಕುಂಡ. ಮುಂಗುಸಿಗೆ ಕಾಂಪೌಂಡ್ ಗೋಡೆಯ ಬುಡದಲ್ಲಿ ಇಟ್ಟಿಗೆ ತೆಗೆದ ಕಿಂಡಿ. ಓತಿ, ಎರೆಹುಳು, ಬಸವನಹುಳು ಎಲ್ಲಕ್ಕೂ ಮೂಲೆಯಲ್ಲಿ ಗುಡಿಸದೆ ಬಿಟ್ಟ ಎಲೆಗಳ ರಾಶಿ. ಕಿಂಡಿ ಎಷ್ಟು ದೊಡ್ಡದೋ ಬರುವ ಅತಿಥಿಯೂ ಅಷ್ಟೇ ದೊಡ್ಡದು. ಆಮೇಲೆ ನನ್ನದು ಎರಡು ಕಟ್ಟುನಿಟ್ಟು. ಬಂದವರನ್ನು ಹೋಗಿ ಇಣುಕಿ ನೋಡಬಾರದು. ಮತ್ತೆ, ಒಳಗೆ ಬಂದವರಿಗೆ ಹೊರಗೆ ಹೋಗುವ ದಾರಿ ಇರಲೇಬೇಕು. ಹಕ್ಕಿಗೆ ಇಡುವ ನೀರಿನ ತೊಟ್ಟಿಯಲ್ಲೂ ನಾನು ಒಂದು ಕಲ್ಲನ್ನು ಇಳಿಜಾರಾಗಿ ಇಡುವುದು ಅದಕ್ಕೇ. ಜಾರಿ ಬಿದ್ದ ಇರುವೆ ಕೂಡ ಹತ್ತಿ ಬರಬೇಕು.

ಇದನ್ನೆಲ್ಲ ತಂಗಿಗೆ ಹೇಳಿಕೊಟ್ಟವಳು ನಾನೇ.

ನಮ್ಮಮ್ಮ ದರ್ಜಿ. ಮನೆಯ ಮುಂದಿನ ಕೋಣೆಯೇ ಅವಳ ಅಂಗಡಿ. ಟೇಪು ಹಿಡಿದು ಅಳತೆ ತೆಗೆದದ್ದನ್ನು ನಾವು ನೋಡಿಯೇ ಇಲ್ಲ. ಬಂದವರು ಬಾಗಿಲಲ್ಲಿ ಚಪ್ಪಲಿ ಬಿಡುವಷ್ಟರಲ್ಲಿ ಒಂದು ಭುಜದಿಂದ ಇನ್ನೊಂದು ಭುಜಕ್ಕೆ, ಬೆನ್ನಿನಿಂದ ಸೊಂಟಕ್ಕೆ ಒಮ್ಮೆ ಕಣ್ಣು ಹಾಯಿಸುವಳು. ಮುಗಿಯಿತು. ಬಟ್ಟೆ ಮೈಗೆ ಅಂಟಿದ ಹಾಗೆ ಕೂರುತ್ತಿತ್ತು. ಕತ್ತರಿ ಕೈಯಳತೆಯಲ್ಲೇ ಇದ್ದರೂ ನೂಲನ್ನು ಹಲ್ಲಿನಿಂದ ಟಕ್ಕೆಂದು ಕಡಿಯುವುದು ಅವಳ ಅಭ್ಯಾಸ. ಇಂಥವಳಿಗೆ ಸಿಕ್ಕ ಅಳಿಯ ಎಂಥವನು ಎಂದರೆ, ತಂಗಿಯ ಗಂಡ ಬಾಗಿಲು ಕಿಟಕಿ ಮಾಡುವ ಬಡಗಿ, ಮಲಗುವಾಗಲೂ ಜೇಬಿನಲ್ಲಿ ಟೇಪು ಇಟ್ಟುಕೊಳ್ಳುವ ಆಸಾಮಿ. ಮೊಳೆ ಹೊಡೆಯುವ ಮುಂಚೆ ಮೂರು ಸಲ ಅಳೆಯುತ್ತಾನೆ. ಅಮ್ಮ ಅವನಿಗೆ ಟೇಪಪ್ಪ ಎಂದು ಹೆಸರಿಟ್ಟಳು. ಅದೇ ನಿಂತಿತು. ಈಗ ಅವನ ಅಂಗಡಿಗೆ ಬರುವವರೂ ಹಾಗೇ ಕರೆಯುತ್ತಾರೆ.

ಊಟವಾದ ಮೇಲೆ ಅಮ್ಮ ಹೊಲಿಗೆ ಮೆಷಿನ್ನಿನ ಪಕ್ಕ ನೆಲದ ಮೇಲೆ ಒಂದು ಮಗ್ಗುಲಾಗಿ, ಮೊಣಕಾಲು ಮಡಚಿ ಮಲಗುತ್ತಿದ್ದಳು. ಅವಳ ಹೊಟ್ಟೆಯ ಬಳಿ ಮುದುಡಿಕೊಂಡು ತಂಗಿ. ಬೆನ್ನ ಹಿಂದೆ ನಾನು. ನನ್ನ ಬಾಲ್ಯದ ಮಧ್ಯಾಹ್ನಗಳೆಂದರೆ ಅಮ್ಮನ ಬೆನ್ನು, ಬೇರೇನೂ ಕಾಣುತ್ತಿರಲಿಲ್ಲ. ನಾನು ಬೇಗ ದೊಡ್ಡವಳಾದೆ, ಹಗಲು ಮಲಗುವುದು ಸೋಮಾರಿಗಳ ಕೆಲಸ ಎಂದು ಎದ್ದು ಹೋದೆ. ತಂಗಿ ಏಳಲಿಲ್ಲ. ಮದುವೆಯಾಗಿ, ಅಮ್ಮನನ್ನು ತನ್ನ ಮನೆಗೇ ಕರೆದುಕೊಂಡು ಬಂದ ಮೇಲೂ ಮಧ್ಯಾಹ್ನ ಅವಳ ಮುಂದೆ ಮುದುಡಿ ಮಲಗುತ್ತಿದ್ದಳು. ಹೋದ ವರ್ಷ ಹೀಗೇ ಇಬ್ಬರೂ ಮಲಗಿದರು. ಸಂಜೆ ತಂಗಿ ಎದ್ದಳು. ಅಮ್ಮ ಏಳಲಿಲ್ಲ.

ಅದಾದ ಮೇಲೆ ತಂಗಿ ಅಡುಗೆಮನೆಯ ಕುರ್ಚಿ ಹಿಡಿದು ಕೂತಳು. ಎದುರಿನ ಕಿಟಕಿಯಾಚೆ ಕಾಣುತ್ತಿದ್ದುದು ಸಿಮೆಂಟು ಬಳಿದ ಬೋಳು ಹಿತ್ತಲು. ಅದನ್ನೇ ದಿನವಿಡೀ ನೋಡುವಳು. ಮಾತಾಡಿಸಿದರೆ ಹ್ಞೂಂ, ಉಹ್ಞೂಂ. ನಾನು ಕಣ್ಣೀರು ಒರೆಸುವುದರಲ್ಲಿ ಸೊನ್ನೆ. ಸಿಮೆಂಟು ಒಡೆಯುವುದು ಬರುತ್ತದೆ. ಒಡೆಸಿದೆ. ಮಣ್ಣು ತಂದು ಹಾಕಿಸಿದೆ. ಗೋಡೆಯುದ್ದಕ್ಕೂ ಕಾಯಿ ಬಿಡುವ ಬೇಲಿಗಿಡ, ನಡುವೆ ಪುಟ್ಟ ಕೊಳ, ಬಿಸಿಲು ಬೀಳುವ ಕಡೆ ಜೇನಿಗೆ ಹೂವು, ಮೂಲೆಯಲ್ಲಿ ಎಲೆರಾಶಿ. ಕೊಳದ ಅಂಚಿಗೆ ಕಲ್ಲು ಕೂರಿಸುವಾಗ ಒಂದು ಜಾರಿ ನನ್ನ ಬಲಮೊಣಕಾಲ ಮೇಲೆ ಬಿತ್ತು. ಆವತ್ತಿನಿಂದ ಮಲಗಿದರೆ ಆ ಕಾಲು ನೇರ ಚಾಚಲು ಬರುವುದಿಲ್ಲ. ಮಡಚಿ, ಅಡಿಗೆ ದಿಂಬು ಕೊಟ್ಟು ಮಲಗಬೇಕು. ಇರಲಿ, ತಂಗಿ ಕುರ್ಚಿ ಬಿಟ್ಟು ಎದ್ದಳಲ್ಲ, ಅದರ ಮುಂದೆ ಮೊಣಕಾಲು ಯಾವ ಲೆಕ್ಕ?

ಹೌದು, ಎದ್ದಳು. ಹಿತ್ತಲಿಗೆ ಬಂದು ನನ್ನ ಪಕ್ಕ ಕುಕ್ಕರುಗಾಲಲ್ಲಿ ಕೂತು ಪ್ರಶ್ನೆ ಕೇಳಲು ಶುರು ಮಾಡಿದಳು.

“ಸರಿಯಾದ ಅಳತೆಗೆ ಜಾಗ ಮಾಡಿದ್ರೆ ಬಂದೇ ಬರ್ತಾರಾ ಅಕ್ಕ?”

“ಬಾರದೆ ಎಲ್ಲಿಗೆ ಹೋಗ್ತಾರೆ?”

“ಯಾರಾದ್ರೂ?”

“ಯಾರಾದ್ರೂ ಕಣೇ. ನಾವು ಇಣುಕಿ ನೋಡ್ಬಾರ್ದು, ಅಷ್ಟೆ.”

ಅವಳ ಬಾಯಲ್ಲಿ ಮಾತು ಬಂತಲ್ಲ ಎಂಬ ಖುಷಿಯಲ್ಲಿ ನಾನು ಏನು ಹೇಳುತ್ತಿದ್ದೇನೆ ಎಂದು ಯೋಚಿಸಲೇ ಇಲ್ಲ. ಕೆಲಸ ಮುಗಿಸಿ, ಬೇರೆ ಊರಿನಲ್ಲಿ ಒಪ್ಪಿಕೊಂಡಿದ್ದ ತೋಟಕ್ಕೆ ಹೊರಟುಹೋದೆ.

ಬೇಲಿಗಿಡ ಎದೆಯೆತ್ತರ ಬಂದಿರಬಹುದು ಎಂದುಕೊಳ್ಳುವ ಹೊತ್ತಿಗೆ ಟೇಪಪ್ಪನ ಫೋನು ಬಂತು. ಅವನು ಫೋನು ಮಾಡುವ ಪೈಕಿ ಅಲ್ಲ.

“ಅಕ್ಕ, ಒಂದ್ಸಲ ಬಂದು ಹೋಗಿ.”

“ಯಾಕೆ, ತೋಟ ಕೆಟ್ಟಿದೆಯಾ?”

“ತೋಟ ಚೆನ್ನಾಗಿದೆ. ಅವಳು ಚೆನ್ನಾಗಿಲ್ಲ.”

ನಾನು ಹೋದಾಗ ಊಟದ ಹೊತ್ತು ದಾಟಿತ್ತು. ಬೀದಿಯಲ್ಲಿ ಬಿಸಿಲು ಚುರುಗುಟ್ಟುತ್ತಿತ್ತು. ಟೇಪಪ್ಪ ಅಡುಗೆಮನೆ ದಾಟಿಸಿ ಹಿಂಬಾಗಿಲು ತೆಗೆದ. ನಾನು ಮೆಟ್ಟಿಲ ಮೇಲೇ ನಿಂತುಬಿಟ್ಟೆ. ಅಷ್ಟು ಚೆನ್ನಾಗಿ ಬಂದಿತ್ತು ತೋಟ. ಬೇಲಿಯಲ್ಲಿ ಕಾಯಿ ಕೆಂಪಾಗಿ ಜೋತು ಬಿದ್ದಿತ್ತು. ಹೂವು ಬಾಯ್ದೆರೆದಿತ್ತು. ಕೊಳದ ನೀರು ತಿಳಿಯಾಗಿತ್ತು.

ನನಗೆ ಹೊಗಳಿಕೊಳ್ಳಬೇಕೆನಿಸಿತು. ಆದರೆ ಏನೋ ಸರಿಯಿಲ್ಲ. ಅದೇನೆಂದು ಗೊತ್ತಾಗಲು ಸ್ವಲ್ಪ ಹೊತ್ತು ಹಿಡಿಯಿತು. ಸದ್ದಿಲ್ಲ. ಹಣ್ಣಾದ ಒಂದು ಕಾಯಿಯನ್ನೂ ಯಾವ ಹಕ್ಕಿಯೂ ಕುಕ್ಕಿರಲಿಲ್ಲ. ಮರದ ತುಂಡಿನ ತೂತುಗಳೆಲ್ಲ ಖಾಲಿ. ಒಂದಕ್ಕಾದರೂ ಜೇನುಹುಳ ಮಣ್ಣು ಮೆತ್ತಿ ಮುಚ್ಚಿರಲಿಲ್ಲ. ನನ್ನ ಕಟ್ಟುನಿಟ್ಟನ್ನು ನಾನೇ ಮುರಿದು ಕುಂಡ ಎತ್ತಿ ನೋಡಿದೆ, ಕಪ್ಪೆಯಿಲ್ಲ. ಹೂವಿನ ಮೇಲೆ ನೊಣವೂ ಇರಲಿಲ್ಲ. ವಿಷ ಹೊಡೆಯದ ತೋಟ ಹೀಗೆ ಖಾಲಿ ಇರುವುದು ನಾನು ಕಂಡದ್ದಿಲ್ಲ. ಒಂದೇ ಒಂದು ಸಂದರ್ಭದಲ್ಲಿ ಹೀಗಾಗುತ್ತದೆ. ದೊಡ್ಡದೇನೋ ಬಂದು ಬೀಡುಬಿಟ್ಟರೆ ಚಿಕ್ಕವೆಲ್ಲ ಜಾಗ ಖಾಲಿ ಮಾಡುತ್ತವೆ.

“ಅಲ್ಲಿ,” ಎಂದ ಟೇಪಪ್ಪ.

ಮೂಲೆಯ ಎಲೆರಾಶಿ ನಾನು ಮಾಡಿಟ್ಟದ್ದಕ್ಕಿಂತ ಎರಡರಷ್ಟು ದೊಡ್ಡದಾಗಿತ್ತು. ಅದರಲ್ಲಿ ತಂಗಿ ಮಲಗಿದ್ದಳು. ಚಿಕ್ಕಂದಿನಲ್ಲಿ ಮಲಗುತ್ತಿದ್ದಂತೆ ಮುದುಡಿಕೊಂಡು, ಕೈ ಗಲ್ಲದಡಿ ಇಟ್ಟುಕೊಂಡು. ನಾನು ಭುಜ ಅಲುಗಿಸಿದೆ. ಮೈ ತಣ್ಣಗಿತ್ತು. ಅಂಥ ಬಿಸಿಲಲ್ಲಿ ಮಲಗಿದವಳ ಮೈ ಹಾಗೆ ತಣ್ಣಗಿರಬಾರದು. ಹೆಸರು ಹಿಡಿದು ಕೂಗಿದೆ, ಕೆನ್ನೆ ತಟ್ಟಿದೆ, ಬೈದೆ. ರೆಪ್ಪೆ ಕೂಡ ಕದಲಲಿಲ್ಲ.

“ಮೊದಮೊದಲು ಅರ್ಧ ಗಂಟೆ ಮಲಗಿ ಏಳ್ತಿದ್ಲು. ಆಮೇಲೆ ಬಿಸಿಲು ಇಳಿಯೋ ತನಕ. ನಿನ್ನೆ ದೀಪ ಹಾಕೋ ಹೊತ್ತಿಗೆ ಕಣ್ಣು ಬಿಟ್ಲು. ದಿನಾ ಸ್ವಲ್ಪ ಸ್ವಲ್ಪ ಜಾಸ್ತಿ ಆಗ್ತಿದೆ ಅಕ್ಕ,” ಎಂದ ಟೇಪಪ್ಪ. “ಡಾಕ್ಟರು ಎಲ್ಲ ಸರಿಯಾಗಿದೆ, ನಿದ್ದೆ ಒಳ್ಳೇದೇ ಅಂದ್ರು. ಒಂದಿನ ಏಳ್ದೇನೇ ಹೋದ್ರೆ...”

ಅಮ್ಮ ಹೋದದ್ದು ಹೇಗೆಂದು ಇಬ್ಬರಿಗೂ ನೆನಪಿತ್ತು. ಇವಳೊಬ್ಬಳೇ ನನಗೆ ಉಳಿದವಳು.

ಅವನು ಅವಳ ಅಂಗೈ ಉಜ್ಜುತ್ತ ಕೂತ. ನನಗೆ ಸುಮ್ಮನೆ ಕೂರಲು ಬರುವುದಿಲ್ಲ, ಸುತ್ತ ನೋಡಿದೆ. ರಾಶಿಯ ಪಕ್ಕದ ಗಿಡದಲ್ಲಿ ಎರಡು ಅಗಲ ಎಲೆಗಳು ಅಂಚಿಗೆ ಅಂಚು ಸೇರಿ ಹೊಲಿದುಕೊಂಡಿದ್ದವು. ಸದ್ಯ, ಒಂದು ಹಕ್ಕಿಯಾದರೂ ಬಂತಲ್ಲ ಎಂದು ಜೀವ ಬಂದ ಹಾಗಾಯಿತು. ಸಿಂಪಿಗ ಹಕ್ಕಿ ಹೀಗೆ ಎಲೆ ಹೊಲಿದು ಗೂಡು ಮಾಡುತ್ತದೆ. ಹಕ್ಕಿಗಳಿಗೆಂದು ನಾನೇ ಬೇಲಿಗೆ ನೂಲಿನ ತುಂಡು ಸಿಕ್ಕಿಸಿ ಹೋಗಿದ್ದೆ. ಹತ್ತಿರ ಹೋಗಿ ನೋಡಿದೆ. ಒಳಗೆ ಗೂಡಿರಲಿಲ್ಲ. ಸಿಂಪಿಗ ತೂತಿಗೊಂದು ಎಳೆ ತೂರಿಸಿ ಬಿಡುತ್ತದೆ, ಉದ್ದಕ್ಕೂ ನೂಲೆಳೆದು ಹೊಲಿಯುವುದಿಲ್ಲ. ಇಲ್ಲಿ ಒಂದೇ ನೂಲು ಮೇಲಿನಿಂದ ಕೆಳಗಿನವರೆಗೆ ಓಡಿತ್ತು. ಹೊಲಿಗೆ ಒಂದಕ್ಕೊಂದು ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಸಮನಾಗಿತ್ತು. ಕೊನೆಯಲ್ಲಿ ಬೆರಳಿಗೆ ಸುತ್ತಿ ಉರುಳಿಸಿ ಹಾಕಿದ ಗಂಟು. ಗಂಟಿನಾಚೆ ನೂಲು ಚಪ್ಪಟೆಯಾಗಿ, ತುಸು ಒದ್ದೆಯಾಗಿತ್ತು.

ಕತ್ತರಿಯಿಂದ ಕತ್ತರಿಸಿದ ನೂಲು ಹಾಗಿರುವುದಿಲ್ಲ. ಹಲ್ಲಿನಿಂದ ಕಡಿದದ್ದು ಹಾಗಿರುತ್ತದೆ.

ನಾನು ಆ ಎಲೆಯನ್ನು ಮೆಲ್ಲಗೆ ಬಿಟ್ಟೆ. ಕಾಲು ತಾನಾಗಿ ಗೋಡೆಯ ಕಡೆ ಹೋಯಿತು. ನಾನು ಮುಂಗುಸಿಗೆಂದು ಮಾಡಿದ್ದ ಕಿಂಡಿ ಅಲ್ಲಿರಲಿಲ್ಲ. ಅದನ್ನು ಒಡೆದು ದೊಡ್ಡದು ಮಾಡಿ, ನುಣ್ಣಗೆ ಸಿಮೆಂಟು ಬಳಿದು, ಒಂದು ಹಲಗೆಯ ಬಾಗಿಲು ಕೂರಿಸಿದ್ದರು. ಮೇಲೆ ಕೀಲು. ಕೆಳಗೆ ಹೊರಗಡೆಗೆ ಒಂದು ತಡೆಪಟ್ಟಿ. ಆಚೆಯಿಂದ ತಳ್ಳಿದರೆ ಒಳಕ್ಕೆ ತೆರೆಯುತ್ತದೆ. ಈಚೆಯಿಂದ ಎಷ್ಟು ತಳ್ಳಿದರೂ ಪಟ್ಟಿಗೆ ತಾಗಿ ನಿಲ್ಲುತ್ತದೆ. ಎಳೆಯೋಣವೆಂದರೆ ಹಿಡಿಯಿಲ್ಲ, ಬೆರಳು ತೂರುವ ಸಂದಿಯೂ ಇಲ್ಲ.

“ಇದೇನ್ರೀ ಇದು?”

“ನೀವೇ ಹೇಳಿದ್ದು ಅಂದ್ಲಲ್ಲ ಅಕ್ಕ. ದೊಡ್ಡ ಪ್ರಾಣಿ ಬರೋಕೆ ಅಂತ. ಅಗಲ ಎಷ್ಟು ಬೇಕು ಅಂತ ನಾನು ಟೇಪು ತೆಗೆದ್ರೆ, ಬೇಡ ಅಂದು ತೋಳು ಚಾಚಿ ತೋರಿಸಿದ್ಲು. ಇಷ್ಟು, ಅಂತ.”

ನಾನು ಮೊಣಕಾಲು ನೋವು ನುಂಗಿಕೊಂಡು ಕೂತು, ಆ ಕಿಂಡಿಗೆ ಎರಡೂ ಕೈ ಇಟ್ಟೆ. ಟೇಪು ನನಗೂ ಬೇಕಾಗಲಿಲ್ಲ. ಆ ಅಗಲ ನನಗೆ ಗೊತ್ತಿತ್ತು. ಆ ಬೆನ್ನ ಹಿಂದೆ ಎಷ್ಟೋ ಮಧ್ಯಾಹ್ನ ಮಲಗಿದವಳಿಗೆ ಗೊತ್ತಾಗದೆ ಇರುತ್ತದೆಯೇ?

ಹಲಗೆಯ ಒಳಮೈಯಲ್ಲಿ, ಕೆಳಗಿನ ಅಂಚಿಗೆ ಹತ್ತಿರ, ಗೀರುಗಳಿದ್ದವು. ನಾಲ್ಕು ನಾಲ್ಕು ಜೊತೆಯಾಗಿ. ಹಳೆಯವು ಮಾಸಿದ್ದವು, ಹೊಸವು ಬೆಳ್ಳಗಿದ್ದವು. ಕೆಳಗಿನ ಮಣ್ಣಿನಲ್ಲಿ ಮೊಣಕಾಲೂರಿದ ಎರಡು ಗುಳಿ. ನಾನು ಕೂತಲ್ಲೇ ತಿರುಗಿ ಎಲೆರಾಶಿಯನ್ನು ನೋಡಿದೆ. ತಂಗಿಯ ಬೆನ್ನ ಹಿಂದಿನ ಎಲೆಗಳು ಒಂದೇ ಒಂದು ಸಲ ಮೆಲ್ಲಗೆ ಮೇಲೆದ್ದು ಕೆಳಗಿಳಿದವು. ಗಾಳಿ ಇರಲಿಲ್ಲ.

ಆಗಲೇ ತಂಗಿ ಕಣ್ಣು ಬಿಟ್ಟಳು.

“ಅಕ್ಕ! ಯಾವಾಗ ಬಂದೆ?” ಎಂದಳು. ನಕ್ಕಳು. ಎಷ್ಟೋ ಕಾಲದಿಂದ ನೋಡಿರದ ನಗು. ಕೆನ್ನೆಯ ತುಂಬ ಎಲೆಯ ನರಗಳ ಗೆರೆ ಮೂಡಿತ್ತು. ತೋಳು ಒಣಗಿದ ಕಡ್ಡಿಯಾಗಿತ್ತು. ನನ್ನ ಭಯವೆಲ್ಲ ಸಿಟ್ಟಾಗಿ ತಿರುಗಿತು, ನನ್ನದು ಯಾವಾಗಲೂ ಹಾಗೇ.

“ಇಲ್ಲಿ ಬಾ. ಈ ತಡೆಪಟ್ಟಿ ಯಾಕೆ ಹೊಡೆಸಿದೆ?”

ನಗು ಆರಿತು. ಮೈಗೆ ಅಂಟಿದ ಎಲೆ ಒಂದೊಂದಾಗಿ ಬಿಡಿಸುತ್ತ ಬಂದಳು. “ಬಂದವರು ಇರ್ಲಿ ಅಂತ.”

“ನಾನು ಹಾಕಿದ ತೋಟದಲ್ಲಿ ಯಾರನ್ನೂ ಕೂಡಿಹಾಕೋ ಹಾಗಿಲ್ಲ. ಮೊದಲನೇ ದಿನಾನೇ ಹೇಳಿದೀನಿ. ತೆಗಿ.”

“ತೆಗೆದ್ರೆ ಅಮ್ಮ ಹೋಗಿಬಿಡ್ತಾಳೆ.”

ಹೇಳಿಯೇಬಿಟ್ಟಳು. ಟೇಪಪ್ಪನ ಕೈಯಲ್ಲಿದ್ದ ಟೇಪು ಸರ್ರೆಂದು ಒಳಗೆ ಎಳೆದುಕೊಂಡಿತು. ಅವನು ಬೆಚ್ಚಿಬಿದ್ದ. ನಿನಗೆ ತಲೆ ನೆಟ್ಟಗಿದೆಯಾ ಎಂದು ನಾನು ಗದರಬೇಕಿತ್ತು. ಆದರೆ ಅವಳು ಹೇಳಿದ್ದು ಸುಳ್ಳು ಎಂದು ನನಗೆ ಅನ್ನಿಸಲಿಲ್ಲ.

“ಇಣುಕಿ ನೋಡಿಲ್ಲ ಅಕ್ಕ, ಒಂದ್ಸಲವೂ ನೋಡಿಲ್ಲ,” ಎಂದಳು, ನಾನು ಬೈಯುವುದು ಅದಕ್ಕೇ ಎಂಬಂತೆ. “ಕಣ್ಣು ಮುಚ್ಕೊಂಡು ಮಲಗ್ತೀನಿ. ಹಿಂದಿನಿಂದ ಬಂದು ಮಲಗ್ತಾಳೆ. ಅವತ್ತು ಪಕ್ಕದಲ್ಲೇ ಮಲಗಿದ್ದೆ. ಯಾವಾಗ ಹೋದ್ಲೋ ನನಗೆ ಗೊತ್ತೇ ಆಗ್ಲಿಲ್ಲ. ನಿದ್ದೆ ಮಾಡ್ತಿದ್ದೆ ಅಕ್ಕ. ಈ ಸಲ ಬಾಗಿಲು ಹಾಕಿದೀನಿ.”

“ಏಳೋಕಾಗದ ಹಾಗೆ ಮಲಗ್ತಿದೀಯಂತೆ. ಹೀಗೇ ಆದ್ರೆ ನೀನೂ ಹೋಗ್ತೀಯ.”

“ನಿನಗೆ ಅರ್ಥ ಆಗಲ್ಲ. ನೀನು ಅಳಲೂ ಇಲ್ಲ.”

ಅದು ನೇರ ಎದೆಗೇ ಬಂದು ನಾಟಿತು. ನಿಜ, ಅತ್ತಿರಲಿಲ್ಲ. ಬಂದವರಿಗೆ ಕುರ್ಚಿ ಹಾಕಿದೆ, ಅಮ್ಮನ ಮೆಷಿನ್ನಿಗೆ ಬಟ್ಟೆ ಹೊದಿಸಿದೆ, ಸಿಮೆಂಟು ಒಡೆಸಿದೆ. ಅಳು ಬರಲಿಲ್ಲ, ಏನು ಮಾಡಲಿ? ಅದಕ್ಕೆ ಉತ್ತರ ಕೊಡುತ್ತ ಕೂತರೆ ಹೊತ್ತು ಇಳಿಯುತ್ತದೆ ಎಂದು ಅವಳ ಕೈ ಹಿಡಿದು ಎಳೆದು ಕೂರಿಸಿದೆ. ಅವಳ ನಾಲ್ಕು ಬೆರಳನ್ನು ಹಲಗೆಯ ಗೀರಿನ ಮೇಲೆ ಇಟ್ಟೆ. ಗೀರು ಗೀರಿಗೂ ಬೆರಳು ಸರಿಯಾಗಿ ಕೂತಿತು.

“ನೋಡು. ಇದು ಮುಂಗುಸಿ ಕೆರೆದದ್ದಲ್ಲ, ನಾಯಿಯದೂ ಅಲ್ಲ. ನೀನು ಮಲಗಿರ್ತೀಯಲ್ಲ, ಆಗ ಅವಳು ಇಲ್ಲಿ ಬಂದು ಮೊಣಕಾಲೂರಿ ಬಾಗಿಲು ಕೆರೀತಾಳೆ. ದಿನಾ ಕೆರೀತಾಳೆ. ಹಳೇದು, ಹೊಸದು, ಎಲ್ಲ ಇದೆ ನೋಡು.”

ತಂಗಿ ಬೆರಳು ತೆಗೆಯಲಿಲ್ಲ. ಗೀರುಗಳಲ್ಲಿ ಒಂದು ಮಿಕ್ಕವಕ್ಕಿಂತ ಅಗಲವಾಗಿತ್ತು. ಅಮ್ಮನ ನಡುಬೆರಳು, ಎಷ್ಟೋ ವರ್ಷ ಸೂಜಿಯ ಹಿಂಬದಿ ಒತ್ತಿ ಒತ್ತಿ ದಪ್ಪಗಾಗಿದ್ದ ಬೆರಳು. ತಂಗಿ ಅದನ್ನು ಮತ್ತೆ ಮತ್ತೆ ಸವರಿದಳು. ಅವಳ ಮುಖ ಕುಸಿಯುತ್ತ ಹೋದದ್ದನ್ನು ನಾನು ನೋಡಿದೆ.

“ನಾನು ಕೂಡಿಹಾಕಿದೀನಿ,” ಎಂದಳು. “ಅಮ್ಮನ್ನ ಕೂಡಿಹಾಕಿದೀನಿ.”

ಗಂಡನ ಕಡೆ ಕೈ ಚಾಚಿದಳು. ಅವನು ಸ್ಕ್ರೂ ಡ್ರೈವರ್ ತಂದು ಕೊಟ್ಟ. ನಾನು ತೆಗೀತೀನಿ ಎಂದ. ಬೇಡ ಎಂದಳು. ಸ್ಕ್ರೂ ಡ್ರೈವರಿನಿಂದ ಹಲಗೆಯ ಅಂಚು ಮೀಟಿ, ಅದನ್ನು ಒಳಕ್ಕೆ ಎಳೆದು ಹಿಡಿಯಲು ಅವನನ್ನು ಕೂರಿಸಿ, ಕಿಂಡಿಯಾಚೆಗೆ ತೋಳು ತೂರಿಸಿ, ಕೆನ್ನೆಯನ್ನು ಗೋಡೆಗೆ ಒತ್ತಿಕೊಂಡು ತಾನೇ ಒಂದೊಂದು ಸ್ಕ್ರೂ ಬಿಚ್ಚಿದಳು. ಕೈಯಲ್ಲಿ ಬಲವಿರಲಿಲ್ಲ, ತುಂಬ ಹೊತ್ತು ಹಿಡಿಯಿತು. ತಡೆಪಟ್ಟಿ ಆಚೆಗೆ ಬಿದ್ದ ಸದ್ದು ಕೇಳಿತು. ಹಲಗೆ ಈಗ ಎರಡೂ ಕಡೆ ತೂಗುತ್ತಿತ್ತು.

“ಈಗ?” ಎಂದ ಟೇಪಪ್ಪ.

“ಈಗ ಒಳಗೆ ಹೋಗಿ ಬೆನ್ನು ಹಾಕಿ ಕೂರೋದು. ಇಣುಕೋ ಹಾಗಿಲ್ಲ,” ಎಂದೆ. ಕಸುಬಿನ ಮಾತಾದರೂ ಬಾಯಿಗೆ ಬಂತಲ್ಲ ಎಂದು ಸಮಾಧಾನವಾಯಿತು.

ಮೂವರೂ ಅಡುಗೆಮನೆಯಲ್ಲಿ ಹಿಂಬಾಗಿಲಿಗೆ ಬೆನ್ನು ಹಾಕಿ ಕೂತೆವು. ಬಾಗಿಲು ತೆರೆದೇ ಇತ್ತು. ಮುಚ್ಚಲು ತಂಗಿ ಬಿಡಲಿಲ್ಲ. ಎದುರಿಗೆ ಪಾತ್ರೆಗಳ ಕಪಾಟು. ಅದರಲ್ಲಿದ್ದ ಹೊಳೆಯುವ ತಟ್ಟೆಯೊಂದರಲ್ಲಿ ಹಿಂಬಾಗಿಲು ಕಾಣುತ್ತಿತ್ತು. ಟೇಪಪ್ಪ ಎದ್ದು ತಟ್ಟೆಯನ್ನು ಬೋರಲು ಹಾಕಿ ಬಂದು ಕೂತ. ಆ ಹೊತ್ತಿನಲ್ಲೂ ನನಗೆ ಅವನ ಜಾಣತನ ಮೆಚ್ಚಿಗೆಯಾಯಿತು. ತಂಗಿ ನನ್ನ ಕೈ ಹಿಡಿದಿದ್ದಳು. ಅವಳ ಕೈ ಮಂಜುಗಡ್ಡೆ.

ಮೊದಲು ಏನೂ ಇಲ್ಲ. ಆಮೇಲೆ ಎಲೆ ಸರಿದ ಸದ್ದು. ನಿದ್ದೆಯಿಂದ ಎದ್ದವರು ಹೊದಿಕೆ ಸರಿಸಿದಂತೆ, ನಿಧಾನವಾಗಿ. ಮಣ್ಣಿನ ಮೇಲೆ ಹೆಜ್ಜೆ. ಒಂದು ಕಾಲನ್ನು ಸ್ವಲ್ಪ ಎಳೆದು ಹಾಕುವ ಹೆಜ್ಜೆ. ಮೆಷಿನ್ ತುಳಿದು ತುಳಿದು ಕೊನೆಕೊನೆಗೆ ಅಮ್ಮ ಹಾಗೇ ನಡೆಯುತ್ತಿದ್ದಳು. ಅದು ಗೋಡೆಯ ಕಡೆ ಹೋಗಲಿಲ್ಲ. ನಮ್ಮ ಕಡೆ ಬಂತು. ಮೆಟ್ಟಿಲ ಬಳಿ ನಿಂತಿತು. ಒಣಗಿದ ಎಲೆಯ ವಾಸನೆಯೊಂದಿಗೆ ಹೊಸ ಬಟ್ಟೆಯ ಗಂಜಿಯ ವಾಸನೆ ಬಂತು.

ಟಕ್ಕೆಂದು ನೂಲು ಕಡಿದ ಸದ್ದು, ನನ್ನ ಬೆನ್ನ ಹಿಂದೆಯೇ.

ತಿರುಗಿ ನೋಡಬೇಕೆಂಬ ಆಸೆ ನನ್ನನ್ನು ಕಿತ್ತು ತಿಂದಿತು. ನೋಡಬಾರದು ಎಂದು ಜನರಿಗೆ ಹೇಳುತ್ತ ಬಂದ ಇಷ್ಟು ವರ್ಷಗಳಲ್ಲಿ ಅದೆಷ್ಟು ಕಷ್ಟದ ಮಾತೆಂದು ನನಗೆ ಗೊತ್ತೇ ಇರಲಿಲ್ಲ. ತಣ್ಣನೆಯದೇನೋ ನನ್ನ ಒಂದು ಭುಜದಿಂದ ಇನ್ನೊಂದು ಭುಜಕ್ಕೆ ಹಾಯಿತು. ಬೆನ್ನುಹುರಿಗುಂಟ ಸೊಂಟಕ್ಕಿಳಿಯಿತು. ಅಲ್ಲಿಂದ ಬಲಗಾಲಿಗೆ ಬಂದು, ಮೊಣಕಾಲ ಬಳಿ ನಿಂತಿತು. ಅಲ್ಲೇ ಸುಮಾರು ಹೊತ್ತು ಇತ್ತು. ಕಾಲು ಜುಮ್ಮೆಂದಿತು. ನಾನು ತಂಗಿಯ ಕೈಯನ್ನು ನೋಯುವಷ್ಟು ಗಟ್ಟಿಯಾಗಿ ಹಿಡಿದೆ.

ಹೆಜ್ಜೆ ಹಿಂದಕ್ಕೆ ಹೋಯಿತು. ಮತ್ತೆ ಎಲೆರಾಶಿಗೇ. ಹೊರಗೆ ಹೋಗುವುದಿಲ್ಲವೇ, ತಂಗಿಯನ್ನು ಬಿಡುವುದಿಲ್ಲವೇ? ಎಲೆ ತಟ್ಟುವ, ಹರಡುವ, ಮತ್ತೆ ತಟ್ಟುವ ಸದ್ದು. ಹಾಸಿಗೆ ಸರಿಮಾಡುವ ಕೈಗಳ ಸದ್ದು. ಬಹಳ ಹೊತ್ತು ಅದು ನಡೆಯಿತು. ಕೊನೆಗೊಮ್ಮೆ ಗೋಡೆಯ ಕಡೆಯಿಂದ ಹಲಗೆ ಕಿರುಗುಟ್ಟಿತು. ಸಿಮೆಂಟಿಗೆ ಬಟ್ಟೆ ಉಜ್ಜಿದ ಸದ್ದು. ಹಲಗೆ ಆಚೆಗೊಮ್ಮೆ, ಈಚೆಗೊಮ್ಮೆ ಬಡಿದು, ನಿಂತಿತು.

ತಂಗಿ ಬಿಕ್ಕಿದಳು. ಟೇಪಪ್ಪ ಅವಳ ತಲೆಯ ಮೇಲೆ ಕೈಯಿಟ್ಟ. ಹಿತ್ತಲಲ್ಲಿ ಒಂದು ಕಪ್ಪೆ, ಗಂಟಲು ಸರಿಮಾಡಿಕೊಂಡ ಹಾಗೆ, ಒಂದೇ ಒಂದು ಸಲ ವಟಗುಟ್ಟಿತು.

“ಹೋದ್ಲು,” ಎಂದಳು ತಂಗಿ. ಆಮೇಲೆ, “ಹಸಿವಾಗ್ತಿದೆ ಕಣ್ರೀ,” ಎಂದಳು. ಟೇಪಪ್ಪ ಒಲೆ ಹಚ್ಚಲು ಓಡಿದ. ಅವನ ಕಣ್ಣು ತುಂಬಿತ್ತು.

ನಾನೂ ತಂಗಿಯೂ ಹೊರಗೆ ಬಂದೆವು. ಬಿಸಿಲು ಇನ್ನೂ ಗೋಡೆಯ ಮೇಲಿತ್ತು. ಬೇಲಿಯಲ್ಲಿ ಎರಡು ಹಕ್ಕಿ ಕೂತು ಕಾಯಿಗೆ ಜಗಳವಾಡುತ್ತಿದ್ದವು. ಆ ಕಚಪಿಚ ನನಗೆ ಅಷ್ಟು ಹಿತವಾಗಿ ಯಾವತ್ತೂ ಕೇಳಿರಲಿಲ್ಲ. ಎಲೆರಾಶಿಯ ಬಳಿ ಹೋದೆವು.

ಮಧ್ಯದಲ್ಲಿ ಒಂದು ದೊಡ್ಡ ಗುಳಿ, ಮಗ್ಗುಲಾಗಿ ಮಲಗಿ ಮೊಣಕಾಲು ಮಡಚಿದವರದು. ಅದರ ಮುಂದೆ, ಹೊಟ್ಟೆಯ ಬಾಗಿನೊಳಗೆ, ತಂಗಿ ಮಲಗುತ್ತಿದ್ದದ್ದು. ಅಲ್ಲಿನ ಎಲೆಗಳು ಪುಡಿಪುಡಿಯಾಗಿದ್ದವು. ದೊಡ್ಡ ಗುಳಿಯ ಹಿಂದೆ, ಬೆನ್ನಿನ ಕಡೆ, ಇನ್ನೊಂದಿತ್ತು. ಅದರ ಎಲೆ ಒಂದೂ ಮುರಿದಿರಲಿಲ್ಲ. ಅಲ್ಲಿ ಯಾರೂ ಮಲಗಿರಲಿಲ್ಲ.

“ಇದು?”

“ನಿನ್ನದು ಅಕ್ಕ. ಮೊದಲ ದಿನದಿಂದಲೂ ಇತ್ತು. ನಾನು ಮಾಡಿದ್ದಲ್ಲ.” ತಂಗಿ ಬಗ್ಗಿ ನೋಡಿದಳು. “ನೆಟ್ಟಗಿತ್ತು. ಕಾಲಿನ ಹತ್ರ ಈ ಬಾಗು ಇರ್ಲಿಲ್ಲ. ಈಗ ಮಾಡಿದಾಳೆ.”

ಬಲಗಾಲು ಬರುವ ಕಡೆ ಗುಳಿ ಮಡಚಿದ ಕಾಲಿನಂತೆ ಬಾಗಿತ್ತು. ಮೊಣಕಾಲ ಅಡಿಗೆ ಬರುವ ಹಾಗೆ, ಮೆತ್ತನೆಯ ಎಲೆಗಳನ್ನು ಆರಿಸಿ, ಅಂಚು ಹೊಲಿದು, ಒಂದು ಪುಟ್ಟ ದಿಂಬು ಮಾಡಿಟ್ಟಿತ್ತು. ನನ್ನ ಮೊಣಕಾಲು ಕೆಟ್ಟದ್ದು ಅಮ್ಮ ಹೋದ ಮೇಲೆ.

ನಾನು ಮಲಗಿದೆ. ಜಾಗ ಅತಿಥಿಗೆ ಸರಿಯಾಗಿದೆಯೇ ಎಂದು ನೋಡುವುದು ಕಸುಬಿನವರ ಅಭ್ಯಾಸ, ಅದಕ್ಕೆ, ಎಂದು ತಂಗಿಗೆ ಹೇಳಿದೆ ಕಾಣುತ್ತದೆ. ಭುಜ ಕೂತಿತು. ಸೊಂಟ ಕೂತಿತು. ಕಾಲು ದಿಂಬಿನ ಮೇಲೆ ಹೋಯಿತು, ಇಷ್ಟು ತಿಂಗಳಲ್ಲಿ ಮೊದಲ ಸಲ ನೋವಿಲ್ಲದೆ. ಮುಖದ ಮುಂದಿನ ಎಲೆಗಳು ಇನ್ನೂ ಬೆಚ್ಚಗಿದ್ದವು. ಹಣೆ ಅಲ್ಲಿಗೆ ಒತ್ತಿದೆ. ಬೇರೇನೂ ಕಾಣಲಿಲ್ಲ.

“ಏಳು ಅಕ್ಕ.”

ಎಲ್ಲಿಂದಲೋ ಕೇಳಿತು. ಈಗ ತಾನೇ ಮಲಗಿದ್ದೇನೆ, ಇವಳಿಗೇನು ಅವಸರ?

“ಅಕ್ಕ, ಏಳು. ಏಳೇ!”

“ಇನ್ನೊಂದು ಸ್ವಲ್ಪ ಹೊತ್ತು,” ಎಂದೆ.

ತಂಗಿ ಬಿಡಲಿಲ್ಲ. ನನ್ನ ಎರಡೂ ಕೈ ಹಿಡಿದು, ಆ ಕಡ್ಡಿಯಂಥ ತೋಳುಗಳಲ್ಲಿ ಎಲ್ಲಿತ್ತೋ ಅಷ್ಟು ಶಕ್ತಿ, ಎಳೆದು ಕೂರಿಸಿದಳು. ಅವಳ ಹಿಂದೆ ಟೇಪಪ್ಪ ತಟ್ಟೆ ಹಿಡಿದು ನಿಂತಿದ್ದ. ಬಿಸಿಲಿರಲಿಲ್ಲ. ಅಡುಗೆಮನೆಯಲ್ಲಿ ದೀಪ ಹತ್ತಿತ್ತು. ತಂಗಿ ಕೂಗಿ ಕೂಗಿ ದನಿ ಕಟ್ಟಿಹೋಗಿತ್ತು. ನನ್ನ ಕೆನ್ನೆಯ ಮೇಲಿನ ಎಲೆಯ ಗೆರೆಗಳನ್ನು ಅವಳು ಅಂಗೈಯಿಂದ ಒರೆಸಿದಳು, ಮತ್ತೆ ಒರೆಸಿದಳು. ಕೆನ್ನೆ ಒದ್ದೆಯಾಗಿತ್ತು. ಅಳುತ್ತಿದ್ದವಳು ನಾನು.